ಬಿಲ್ಲಿನ ಬಲವೂ ಬಿಲ್ಲಾಳಿನ ಬಲವೂ

ಹುಮನಾಬಾದಿನಿಂದ ಪಶ್ಚಿಮಕ್ಕೆ ಹೊರಟವರು ರಾಜೇಶ್ವರದ ಮಾರ್ಗವಾಗಿ ಬಸವಕಲ್ಯಾಣವನ್ನು ಸೇರಬಹುದು. ದಾರಿಯ ಇಕ್ಕೆಲಗಳಲ್ಲಿಯೂ ಜೋಳ ತೊಗರಿಗಳ ಬಯಲು. ಈ ಬಯಲೇ ಹಿಂದೊಮ್ಮೆ ಚಾಲುಕ್ಯ ಚಕ್ರವರ್ತಿಗಳ ರಾಜಧಾನಿಯ ಹೊರವಲಯವಾಗಿದ್ದಿತು. ಕಲ್ಯಾಣವೆಂದೊಡನೆ ಆರನೆಯ ವಿಕ್ರಮಾದಿತ್ಯನ ಆಸ್ಥಾನವೂ, ವಿಜ್ಞಾನೇಶ್ವರನ ಮಿತಾಕ್ಷರೆಯೂ, ಶಿವಶರಣರ ಮಹಾಕಾರ್ಯವೂ ವಾಚಕರ ನೆನಪಿಗೆ ಬರುವುವು. ಬೇಟೆ ಮತ್ತು ಗುರಿಯೆಸೆತಗಳ ಸಲಕರಣೆಯ ಚರಿತ್ರೆಯಲ್ಲಿಯೂ ಈ ಊರಿಗೆ ಹಿರಿದಾದ ಸ್ಥಾನವುಂಟೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ.

ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು ಶಕ 1051ರಲ್ಲಿ, ಎಂದರೆ ಕ್ರಿ. ಶ. 1129ರಲ್ಲಿ, ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಇದಕ್ಕೆ ‘ಅಭಿಲಷಿತಾರ್ಥ ಚಿಂತಾಮಣಿ’ಯೆಂಬ ಹೆಸರೂ ಉಂಟು. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಲ್ಲಿ ಅರಸನು ತಿಳಿಯತಕ್ಕ ಸಮಸ್ತ ವಿಷಯಗಳೂ ಇಲ್ಲಿ ಅಡಕವಾಗಿವೆ. ನಾಲ್ಕನೆಯದಾದ ವಿನೋದವಿಂಶತಿಯಲ್ಲಿ ಶಸ್ತ್ರವಿನೋದ, ಶ್ಯೇನವಿನೋದ, ಮತ್ಸ್ಯವಿನೋದ, ಮೃಗಯಾವಿನೋದಗಳು ಬರುತ್ತವೆ. ಮೀನು ಹಿಡಿಯುವ ಪ್ರಕರಣವೊಂದರಲ್ಲಿಯೇ ದಾರ, ಕೊಕ್ಕೆ, ಮೀನಿಗೆ ತಕ್ಕ ಎರೆ ಎಂದು ಸಣ್ಣ ಸಣ್ಣ ಸಾಧನಗಳ ವಿವೇಚನೆಯಿರುವುದನ್ನು ಕಂಡರೆ, ಗ್ರಂಥಕರ್ತನ ಕಣ್ಣು ಎಷ್ಟು ಸೂಕ್ಷ್ಮವಾದುದೆಂಬುದು ಗೊತ್ತಾಗುವುದು. ಮೃಗಯಾಪ್ರಕರಣದಲ್ಲಿ ನಾಯಿಗಳನ್ನು ಬಿಡುವುದು, ಸಾಕಿದ ಹುಲ್ಲೆಯನ್ನು ತೋರಿಸಿ ಕಾಡುಹುಲ್ಲೆಯನ್ನು ಸೆಳೆಯುವುದು, ಪಳಗಿಸಿದ ಸಿವಂಗಿಯನ್ನು, ಎಂದರೆ ಚೀತಾವನ್ನು, ಹುಲ್ಲೆಯ ಮೇಲೆ ಛೂಬಿಡುವುದು ಮೊದಲಾದ ಬಗೆಗಳು ಹೇಳಲ್ಪಟ್ಟಿವೆ. ಭಾರತದಲ್ಲಿ ಚೀತಾದಿಂದ ಬೇಟೆಯಾಡಿಸಿದುದಕ್ಕೆ ದೊರೆತಿರುವ ಆಧಾರಗಳಲ್ಲಿ ಇದೇ ಅತ್ಯಂತ ಹಳೆಯದೆಂದು ವಿದ್ವಾಂಸರು ಎಣಿಸಿರುವರು.

ಆ ಕಾಲದ ಮುಖ್ಯ ಆಯುಧ ಬಿಲ್ಲು. ಅದನ್ನು ಆರಿಸಿಕೊಳ್ಳುವ ವಿಷಯದಲ್ಲಿ ನಮ್ಮ ಧನುರ್ವೇದಕಾರರು ಬಹಳವಾಗಿ ವಿಚಾರ ಮಾಡಿದ್ದರು. ಅಗ್ನಿಪುರಾಣದ ಪ್ರಕಾರ ಲೋಹ, ಕೊಂಬು, ಮರಗಳಿಂದ ಬಿಲ್ಲನ್ನು ಮಾಡಬಹುದು. ನಾಲ್ಕು ಮೊಳದ ಬಿಲ್ಲು ಉತ್ತಮ, ಮೂರೂವರೆ ಮೊಳದ್ದು ಮಧ್ಯಮ, ಮೂರು ಮೊಳದ್ದು ಕನಿಷ್ಠ. 14ನೆಯ ಶತಮಾನದ ಶಾರ್ಙ್ಗಧರನ ಸಂಕಲನದಲ್ಲಿ ಇದಕ್ಕಿಂತಲೂ ಮಹತ್ತ್ವದ ಒಂದು ಮಾತಿನ ತಾತ್ಪರ್ಯ ದೊರೆಯುವುದು. ಬಿಲ್ಲಿನ ಬಿಗುವು ಬಿಲ್ಲಾಳಿನ ತೋಳ್ಬಲಕ್ಕಿಂತ ತುಸು ಕಡಮೆಯಾಗಿಯೇ ಇರಬೇಕು; ಬಿಲ್ಲನ್ನು ಎಳೆಯುವುದಕ್ಕೇ ಹೆಣಗುವವನಿಗೆ ಗುರಿಯು ಕಾಣಿಸದು. ಇಷ್ಟೇ ಆ ಮಾತು. ಸಲಕರಣೆಯ ಶಾಸ್ತ್ರವೆಲ್ಲವೂ ಇದರಲ್ಲಿಯೇ ಅಡಗಿದೆಯೆಂದರೆ ತಪ್ಪಾಗಲಾರದು.

ಬಹಮನಿ ಸುಲ್ತಾನರು 15ನೆಯ ಶತಮಾನದಲ್ಲಿ ಬೀದರನ್ನು ರಾಜಧಾನಿಯನ್ನಾಗಿ ಮಾಡಿಕೊಂಡರು. ಮುಂದಿನ ಕಾಲದಲ್ಲಿ ಈ ನಾಡಿನಲ್ಲೆಲ್ಲ ಮದ್ದುಗುಂಡುಗಳು ಬಳಕೆಗೆ ಬಂದುವು. ಬೀದರ ಕೋಟೆಯ ಬುರುಜುಗಳ ಮೇಲಿನ ಫಿರಂಗಿಗಳು ಇಂದಿಗೂ ಅದಕ್ಕೆ ಸಾಕ್ಷಿ. ಬಿಲ್ಲಿನ ಜಾಗವನ್ನು ಕ್ರಮೇಣ ಬಂದೂಕು ಆಕ್ರಮಿಸಿತು. ಉರಿಯುವ ಬತ್ತಿಯಿಂದ ಮದ್ದು ಹೊತ್ತಿಸುವ ಹಳೆಯ ಬಂದೂಕಿಗೆ ಮದ್ದಿನ ಕೊಂಬು, ಗುಂಡಿನ ಚೀಲ, ಮದ್ದನ್ನು ಜಡಿಯುವ ಗಜ, ಒಣಗಿದ ಬತ್ತಿ ಇವಿಷ್ಟೂ ಅವಶ್ಯ. ಒಂದು ಮಳೆ ಬಿದ್ದರೆ ಬೇಟೆ ಮುಗಿಯಿತು! 19ನೆಯ ಶತಮಾನದಲ್ಲಿ ಕೇಪಿನ ಕೋವಿಯೂ, ಬಳಿಕ ತೋಟೆಕೋವಿಯೂ ಬಂದು ಈ ತೊಡಕನ್ನು ನೀಗಿಸಿದುವು. ನಳಿಕೆಯ ಒಳಗೆ ಸುರುಳಿಗೆರೆ ಕೊರೆದ ರೈಫಲು ಗುಂಡನ್ನು ಗಿರ್ರನೆ ತಿರುಗಿಸಿ ಬಹುದೂರ ನೇರವಾಗಿ ಕಳುಹಿತು. ಆದರೂ ಹಳೆಯ ನಿಯಮ ಬದಲಾಗಲಿಲ್ಲ. ಭುಜಕ್ಕೊತ್ತುವ ಮರವು ತೋಳಿನ ಅಳತೆಗೆ ಹೊಂದದಿದ್ದರೆ, ಒದೆತವು ಮೈಗೆ ಮೀರಿದುದಾದರೆ, ಎಷ್ಟು ಬೆಲೆಯ ಕೋವಿಯಾದರೂ ಗುರಿ ತಪ್ಪುವುದು. ಹಕ್ಕಿಗೆ ಚರೆ, ದೊಡ್ಡ ಮೃಗಕ್ಕೆ ಗುಂಡು ಎಂಬ ವಿವೇಕವಿಲ್ಲದವನು ಪ್ರಾಣಿಯನ್ನು ಗಾಯಗೊಳಿಸಿ ನರಳಿಸುವನೇ ಹೊರತು ಬೇಟೆಗಾರನಾಗನು.

ಕನ್ನಡನಾಡಿನಲ್ಲಿ ಕೋವಿಯು ಮನೆಮನೆಯ ದೈವದಂತಿರುವುದು ಕೊಡಗಿನಲ್ಲಿ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ನನು ಕೊಡಗರನ್ನು ನಿರಾಯುಧೀಕರಣದ ಕಾಯಿದೆಯಿಂದ ಹೊರತುಮಾಡಿದನು. ಆ ವಿನಾಯಿತಿಯು ಮುಂದೆಯೂ ನಡೆದುಬಂದಿದೆ. ನಾಟಿಯ ಕಾಲದಲ್ಲಿ ಆಯುಧಗಳನ್ನು ಎತ್ತಿಟ್ಟು, ನಾಟಿ ಮುಗಿದ ಮೇಲೆ ಸೆಪ್ಟೆಂಬರ್ ತಿಂಗಳ ಕೈಲ್‌ಪೊಳ್ದ್ ಹಬ್ಬದಲ್ಲಿ ಅವುಗಳಿಗೆ ಹೂವೇರಿಸಿ ಪೂಜಿಸುವರು. ಅನಂತರ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವರು. ಕೋವಿಯನ್ನು ಯಾವಾಗ ಕೆಳಗಿಡಬೇಕೆಂಬುದನ್ನೂ ಕಲಿಸುವ ಹಬ್ಬವಿದು.

ಈ ಪಾಠವನ್ನು ಮರೆತುದರ ಫಲವು ಚೀತಾದ ಕಥೆಯಲ್ಲಿ ಕಾಣುವುದು. ಅಕ್ಬರನು ಒಮ್ಮೆಗೆ ಸಾವಿರ ಚೀತಾಗಳನ್ನು ಕೂಡಿಸಿದ್ದನೆಂದು ಜಹಾಂಗೀರನ ಆತ್ಮಕಥೆ ಹೇಳುತ್ತದೆ. ಸೆರೆಯಲ್ಲಿ ಚೀತಾ ಮರಿಹಾಕುವುದು ಬಲು ಅಪೂರ್ವ. ಆದುದರಿಂದ ಅರಮನೆಗಳಿಗೆ ಬೇಕಾದ ಚೀತಾಗಳನ್ನೆಲ್ಲ ಕಾಡಿನಿಂದಲೇ ಹಿಡಿದು ತರಬೇಕಾಯಿತು. ಹುಲ್ಲುಗಾವಲುಗಳು ಹೊಲಗಳಾದುವು, ಹುಲ್ಲೆಗಳು ಕಡಮೆಯಾದುವು, ಮೇಲಿಂದ ರೈಫಲು ಬಂದಿತು. 1947ರಲ್ಲಿ, ಈಗಿನ ಛತ್ತೀಸಗಢಕ್ಕೆ ಸೇರಿದ ಕೊರಿಯಾ ಸಂಸ್ಥಾನದಲ್ಲಿ, ರಾತ್ರಿ ವಾಹನದಲ್ಲಿ ಹೋಗುತ್ತಿದ್ದ ಮಹಾರಾಜನಿಗೆ ಮೂರು ಗಂಡು ಚೀತಾಗಳು ಒತ್ತಟ್ಟಿಗೆ ಕುಳಿತಿದ್ದುದು ಕಂಡಿತು. ಮೊದಲ ಗುಂಡಿಗೆ ಒಂದು ಸತ್ತಿತು. ಎರಡನೆಯ ಗುಂಡು ಒಂದನ್ನು ಭೇದಿಸಿ ಹಿಂದಿದ್ದ ಮತ್ತೊಂದನ್ನೂ ಕೊಂದಿತು. 1952ರಲ್ಲಿ ಚೀತಾ ಭಾರತದಿಂದ ಅಳಿದುಹೋಯಿತೆಂದು ಸಾರಲಾಯಿತು. ಕಲ್ಯಾಣದ ಅರಸನು ಬೇಟೆಯ ಸಾಧನವೆಂದು ವರ್ಣಿಸಿದ ಪ್ರಾಣಿ, ಬೇಟೆಯ ಹೊಸ ಸಾಧನದ ಮುಂದೆ ಹೀಗೆ ಇಲ್ಲವಾಯಿತು. 2022ರಲ್ಲಿ ಆಫ್ರಿಕದಿಂದ ಚೀತಾಗಳನ್ನು ತರಿಸಿ ಮಧ್ಯಪ್ರದೇಶದ ಕೂನೋ ಕಾಡಿನಲ್ಲಿ ಬಿಡಬೇಕಾಯಿತು.

1972ರ ವನ್ಯಜೀವಿ ಸಂರಕ್ಷಣ ಕಾಯಿದೆಯ ತರುವಾಯ ಮೃಗಯಾವಿನೋದಕ್ಕೆ ತೆರೆಬಿದ್ದು, ಗುರಿಯ ವಿನೋದವು ಮಾತ್ರ ಉಳಿದಿದೆ. ಹತ್ತು ಮೀಟರಿನ ಗಾಳಿ ರೈಫಲ್ ಪಂದ್ಯದಲ್ಲಿ ನಡುವಣ ಚುಕ್ಕಿಯ ಅಡ್ಡಳತೆ ಅರ್ಧ ಮಿಲಿಮೀಟರು. ಅಲ್ಲಿ ದುರ್ಬೀನನ್ನು ಕೋವಿಗೆ ಜೋಡಿಸಲು ಅನುಮತಿಯಿಲ್ಲ. ಕೋವಿಯ ತೂಕಕ್ಕೆ ಮಿತಿಯುಂಟು. ತೊಡುವ ಅಂಗಿಯ ದಪ್ಪವನ್ನೂ ಅಳೆದು ನೋಡುವರು. ಸಾಧನದ ಬಲಕ್ಕೆ ಹೀಗೆ ಮೇರೆ ಹಾಕಿದುದರಿಂದಲೇ ಅಲ್ಲಿ ಸಾಧಕನ ಬಲವು ಬೆಳಕಿಗೆ ಬರುವುದು. ಬಿಲ್ಲಾಳಿಗಿಂತ ಬಿಲ್ಲು ಬಲವಾಗಿರಬಾರದೆಂದ ಹಿರಿಯರು ತೋಳಿನ ಮಾತನ್ನಷ್ಟೇ ಹೇಳಿದ್ದರು. ಅದು ಮನಸ್ಸಿಗೂ ಸಲ್ಲುವ ಮಾತೆಂಬುದನ್ನು ಕೊರಿಯಾದ ಆ ರಾತ್ರಿ ತೋರಿಸಿತು.