ಗಸಗಸೆಯ ಹಾದಿ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಹೋದವನು ಸೀನದೆ ಹಿಂದಿರುಗುವುದು ಕಷ್ಟ. ಅಲ್ಲಿಯ ಕಿರಾಣಿ ಅಂಗಡಿಯೊಂದರಲ್ಲಿ ಮೂಗಿಗೆ ಕರವಸ್ತ್ರ ಹಿಡಿದು ನಿಂತಿದ್ದಾಗ ಗಸಗಸೆಯ ಚೀಲ ಕಣ್ಣಿಗೆ ಬಿತ್ತು. ಬೆಲೆ ಕೇಳಿ ಬೆಚ್ಚಿದೆ.

"ಇದನ್ನ ನಮ್ಮ ಕಡೆ ಬೆಳಿಯೂದಿಲ್ಲೇನ್ರೀ ಸಾವ್ಕಾರ್ರ?"

"ಬೆಳದ್ರ ಪೋಲೀಸ್ರು ಬರ್ತಾರ್ರೀ" ಎಂದು ನಕ್ಕರು.

ಮಾತು ನಿಜವೇ. ಹಬ್ಬದ ಪಾಯಸದ ಗಸಗಸೆಯೂ ಅಫೀಮೂ ಒಂದೇ ಗಿಡದ ಮಕ್ಕಳು. ಹಸಿಗಾಯಿಗೆ ಗೀರಿದರೆ ಒಸರುವ ಹಾಲು ಹೆಪ್ಪುಗಟ್ಟಿ ಅಫೀಮಾಗುತ್ತದೆ. ಕಾಯಿ ಒಣಗಿದಾಗ ಒಳಗಿನ ಬೀಜವೇ ಗಸಗಸೆ. 1985ರ ಕಾಯಿದೆಯಂತೆ ಬೀಜ ತಿನ್ನುವುದು ತಪ್ಪಲ್ಲ, ಪರವಾನಗಿಯಿಲ್ಲದೆ ಗಿಡ ಬೆಳೆಸುವುದು ತಪ್ಪು.

ಹಾಗೆಂದು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಿಗೆ ಅಫೀಮಿನ ಚರಿತ್ರೆಯೊಡನೆ ನಂಟೇ ಇಲ್ಲವೆನ್ನುವಂತಿಲ್ಲ. 1997ರವರೆಗೆ ಇವು ಧಾರವಾಡ ಜಿಲ್ಲೆಯವು. ಬ್ರಿಟಿಷರ ಕಾಲದಲ್ಲಿ ಆ ಜಿಲ್ಲೆ ಮುಂಬಯಿ ಇಲಾಖೆಗೆ ಸೇರಿತ್ತು. ಈ ಸೀಮೆಯ ಹತ್ತಿ ಎತ್ತುಗಳ ಬೆನ್ನ ಮೇಲೆ ಘಟ್ಟವಿಳಿದು, ಕುಮಟೆಯಲ್ಲಿ ಹಡಗು ಹತ್ತಿ ಮುಂಬಯಿ ಸೇರುತ್ತಿತ್ತು. ಮುಂಬಯಿಯಿಂದ ಚೀನಕ್ಕೆ ಹೊರಟ ಹಡಗುಗಳ ಮುಖ್ಯ ಸರಕು ಎರಡು: ಹತ್ತಿ ಮತ್ತು ಮಾಳವದ ಅಫೀಮು. ಜಮ್ಸೆಟ್ಜಿ ಜೀಜಿಭಾಯಿಯವರು ಎರಡನ್ನೂ ಮಾರಿ ಕುಬೇರರಾದರು. ಅವರ ಹೆಸರಿನ ಆಸ್ಪತ್ರೆಯನ್ನು ಮುಂಬಯಿಯ ಜನ ಇಂದಿಗೂ ನೆನೆಯುತ್ತಾರೆ; ಅಫೀಮನ್ನು ನೆನೆಯುವವರು ಕಡಿಮೆ.

ಬಿಹಾರದ ಅಫೀಮು ಕಂಪನಿಯ ಸ್ವಂತದ್ದು. ಮಾಳವದ್ದು ಸಿಂಧಿಯಾ, ಹೋಳ್ಕರ ಮೊದಲಾದ ಸಂಸ್ಥಾನಿಕರ ನೆಲದ್ದು. ಕಂಪನಿಯ ಸುಂಕ ತಪ್ಪಿಸಲು ವರ್ತಕರು ಮರಳುಗಾಡು ದಾಟಿ ಕರಾಚಿಗೂ, ಅಲ್ಲಿಂದ ಪೋರ್ತುಗೀಜರ ದಮಣಕ್ಕೂ ಮಾಲು ಸಾಗಿಸುತ್ತಿದ್ದರು. 1839ರಲ್ಲಿ ಚೀನದ ಅಧಿಕಾರಿ ಲಿನ್ ಝೆಷು ಇಪ್ಪತ್ತು ಸಾವಿರಕ್ಕೂ ಮಿಕ್ಕಿ ಪೆಟ್ಟಿಗೆ ಅಫೀಮನ್ನು ನಾಶಮಾಡಿಸಿದನು. ಇಂಗ್ಲೆಂಡು ಯುದ್ಧ ಹೂಡಿತು; 1842ರಲ್ಲಿ ಸೋತ ಚೀನ ಹಾಂಗ್‌ಕಾಂಗನ್ನು ಬಿಟ್ಟುಕೊಟ್ಟಿತು. ಮರುವರ್ಷವೇ ನೇಪಿಯರನು ಸಿಂಧವನ್ನು ಗೆದ್ದ. ಕರಾಚಿಯ ಹಾದಿ ಮುಚ್ಚಿತು. ಪೆಟ್ಟಿಗೆಗೆ 125 ರೂಪಾಯಿಯಿದ್ದ ಮುಂಬಯಿಯ ರಹದಾರಿ ಸುಂಕ 1847ರ ಹೊತ್ತಿಗೆ 400ಕ್ಕೆ ಏರಿತು. ಸಿಂಧದ ಯುದ್ಧಕ್ಕೆ ಅಫೀಮೊಂದೇ ಕಾರಣವೆಂದು ನಾನು ಹೇಳಲಾರೆ. ಲಾಭ ಯಾರಿಗಾಯಿತೆಂಬುದು ಲೆಕ್ಕದಲ್ಲೇ ಇದೆ. ನಮ್ಮ ಕಾಲದ ಅಫಘಾನಿಸ್ತಾನದಲ್ಲಿಯೂ ಯುದ್ಧದ ದಶಕಗಳಲ್ಲೇ ಈ ಬೆಳೆ ಹಬ್ಬಿತು. 2022ರಲ್ಲಿ ತಾಲಿಬಾನರು ನಿಷೇಧಿಸಿದ ಮೇಲೆ, ವಿಶ್ವಸಂಸ್ಥೆಯ ಅಂದಾಜಿನಂತೆ, 2,33,000 ಹೆಕ್ಟೇರು ಇದ್ದದ್ದು ಒಂದೇ ವರ್ಷದಲ್ಲಿ 10,800ಕ್ಕೆ ಇಳಿಯಿತು. ಅದನ್ನೇ ನಂಬಿದ್ದ ರೈತನ ಗತಿಯೇನು ಎಂಬುದು ಬೇರೆ ಕಥೆ.

ಅಫೀಮು ಚೀನದ ಪಿಡುಗು ಮಾತ್ರವೆಂದು ಬಹುಕಾಲ ನಾನೂ ತಿಳಿದಿದ್ದೆ. ಕಾರ್ಮಿಕರ ಸ್ಥಿತಿಗತಿಯನ್ನು ವಿಚಾರಿಸಿದ ರಾಯಲ್ ಕಮಿಷನ್ನಿನ 1931ರ ವರದಿ ಆ ಭ್ರಮೆಯನ್ನು ಬಿಡಿಸಿತು. ಗಿರಣಿಗೆ ಹೋಗುವ ತಾಯಂದಿರು ಹಸುಗೂಸುಗಳಿಗೆ ಅಫೀಮು ಕೊಟ್ಟು ಮಲಗಿಸುತ್ತಿದ್ದರೆಂದು ಅದರಲ್ಲಿದೆ. ಕೆಲಸ ಬಿಟ್ಟರೆ ಕೂಲಿಯಿಲ್ಲ, ಕೂಸನ್ನು ನೋಡಿಕೊಳ್ಳುವವರಿಲ್ಲ. ಹೊರಗೆ ಹತ್ತಿಯ ಗಿರಣಿ ತಿರುಗುತ್ತಿತ್ತು; ಒಳಗೆ, ಚಾಳಿನ ಕತ್ತಲಲ್ಲಿ, ಕೂಸು ಸಂಜೆಯವರೆಗೆ ಅಳದೆ ಮಲಗಿರುತ್ತಿತ್ತು.