ನಾಯಿಗಳ ದೀರ್ಘಕಾಲಿಕ ಮೂತ್ರಪಿಂಡ ಕಾಯಿಲೆಯಲ್ಲಿ ಉತ್ಕರ್ಷಣ ಒತ್ತಡ

ಉತ್ಕರ್ಷಣ ಒತ್ತಡ ಅಥವಾ ಆಕ್ಸಿಡೇಟಿವ್ ಸ್ಟ್ರೆಸ್ ಎಂದರೆ ದೇಹದಲ್ಲಿ ಉತ್ಪತ್ತಿಯಾಗುವ ಕ್ರಿಯಾಶೀಲ ಆಮ್ಲಜನಕ ಕಣಗಳ ಪ್ರಮಾಣವು ಅವುಗಳನ್ನು ತಟಸ್ಥಗೊಳಿಸುವ ರಕ್ಷಣಾ ವ್ಯವಸ್ಥೆಯ ಸಾಮರ್ಥ್ಯವನ್ನು ಮೀರಿದ ಸ್ಥಿತಿ. ಈ ಪರಿಕಲ್ಪನೆಯನ್ನು 1985ರಲ್ಲಿ ಜರ್ಮನಿಯ ಜೀವರಸಾಯನ ವಿಜ್ಞಾನಿ ಹೆಲ್ಮುಟ್ ಸೀಸ್ ನಿರೂಪಿಸಿದರು. ನಾಯಿಗಳ ದೀರ್ಘಕಾಲಿಕ ಮೂತ್ರಪಿಂಡ ಕಾಯಿಲೆಯಲ್ಲಿ ಈ ಒತ್ತಡವು ಕಾಯಿಲೆಯ ಪರಿಣಾಮವೂ ಹೌದು, ಕಾಯಿಲೆ ಉಲ್ಬಣಿಸಲು ಕಾರಣವೂ ಹೌದು. ನಾಶವಾದ ಮೂತ್ರಪಿಂಡದ ಭಾಗ ಮರಳಿ ಬೆಳೆಯುವುದಿಲ್ಲವಾದ್ದರಿಂದ, ಈ ವಿಷವರ್ತುಲವನ್ನು ನಿಧಾನಗೊಳಿಸುವುದೇ ಚಿಕಿತ್ಸೆಯ ಮುಖ್ಯ ಗುರಿಯಾಗಿದೆ.

ಹಿನ್ನೆಲೆ

ಮೂತ್ರಪಿಂಡಗಳ ರಚನೆಯಲ್ಲಿ ಅಥವಾ ಕಾರ್ಯದಲ್ಲಿ ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿದಿರುವ ದೋಷವನ್ನು ದೀರ್ಘಕಾಲಿಕ ಕಾಯಿಲೆ ಎಂದು ಪರಿಗಣಿಸಲಾಗುತ್ತದೆ. ಇದು ವಯಸ್ಸಾದ ನಾಯಿಗಳಲ್ಲಿ ಹೆಚ್ಚು. ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ ವಿಸರ್ಜನೆ, ಹಸಿವು ಕುಗ್ಗುವುದು, ತೂಕ ಇಳಿಯುವುದು, ವಾಂತಿ ಮತ್ತು ಬಾಯಿಯ ದುರ್ವಾಸನೆ ಇದರ ಸಾಮಾನ್ಯ ಲಕ್ಷಣಗಳು.

ಒತ್ತಡ ಉಂಟಾಗುವ ಬಗೆ

ಹೃದಯ ಹೊರಹಾಕುವ ರಕ್ತದ ಸುಮಾರು ಐದನೇ ಒಂದು ಭಾಗ ಮೂತ್ರಪಿಂಡಗಳ ಮೂಲಕ ಹಾದುಹೋಗುತ್ತದೆ. ಸೋಸಿದ ಲವಣ ಮತ್ತು ಪೋಷಕಾಂಶಗಳನ್ನು ಮರಳಿ ಹೀರಿಕೊಳ್ಳುವ ನಾಳಗಳ ಕೋಶಗಳಲ್ಲಿ ಮೈಟೋಕಾಂಡ್ರಿಯಗಳು ಹೇರಳವಾಗಿದ್ದು, ಅವು ಬಹಳ ಆಮ್ಲಜನಕವನ್ನು ಬಳಸುತ್ತವೆ. ಈ ಕ್ರಿಯೆಯಲ್ಲಿ ಸ್ವಲ್ಪ ಪ್ರಮಾಣದ ಸೂಪರ್ ಆಕ್ಸೈಡ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಉತ್ಪತ್ತಿಯಾಗುವುದು ಸಹಜ. ಆರೋಗ್ಯವಂತ ನಾಯಿಯಲ್ಲಿ ಸೂಪರ್ ಆಕ್ಸೈಡ್ ಡಿಸ್ಮ್ಯುಟೇಸ್, ಕ್ಯಾಟಲೇಸ್, ಗ್ಲುಟಾಥಯೋನ್ ಪೆರಾಕ್ಸಿಡೇಸ್ ಎಂಬ ಕಿಣ್ವಗಳು ಇವನ್ನು ನಿವಾರಿಸುತ್ತವೆ.

ಕಾಯಿಲೆಯಿಂದ ಕೆಲವು ನೆಫ್ರಾನ್‌ಗಳು ನಾಶವಾದಾಗ ಉಳಿದವು ಅವುಗಳ ಕೆಲಸವನ್ನೂ ಹೊರಬೇಕಾಗುತ್ತದೆ. ಪ್ರತಿ ನೆಫ್ರಾನ್ ಬಳಸುವ ಆಮ್ಲಜನಕ ಹೆಚ್ಚುತ್ತದೆ. ಅದರೊಂದಿಗೆ ಕ್ರಿಯಾಶೀಲ ಕಣಗಳೂ ಹೆಚ್ಚುತ್ತವೆ. ಆಂಜಿಯೋಟೆನ್ಸಿನ್–2 ಎಂಬ ಹಾರ್ಮೋನು ಎನ್‌ಎಡಿಪಿಎಚ್ ಆಕ್ಸಿಡೇಸ್ ಕಿಣ್ವವನ್ನು ಪ್ರಚೋದಿಸಿ ಸೂಪರ್ ಆಕ್ಸೈಡ್ ಉತ್ಪಾದನೆಯನ್ನು ಮತ್ತಷ್ಟು ಏರಿಸುತ್ತದೆ. ಸೂಪರ್ ಆಕ್ಸೈಡ್ ರಕ್ತನಾಳಗಳನ್ನು ಸಡಿಲಗೊಳಿಸುವ ನೈಟ್ರಿಕ್ ಆಕ್ಸೈಡನ್ನು ನಾಶಪಡಿಸುವುದರಿಂದ ನಾಳಗಳು ಸಂಕುಚಿತಗೊಳ್ಳುತ್ತವೆ. ಕೋಶಪೊರೆಯ ಕೊಬ್ಬು, ಪ್ರೋಟೀನು ಮತ್ತು ಡಿಎನ್‌ಎಗೆ ಹಾನಿಯಾಗಿ, ಉರಿಯೂತ ಮತ್ತು ನಾರುಗಟ್ಟುವಿಕೆಯಿಂದ ಇನ್ನಷ್ಟು ನೆಫ್ರಾನ್‌ಗಳು ನಾಶವಾಗುತ್ತವೆ. ಹೀಗೆ ವರ್ತುಲ ಮುಂದುವರಿಯುತ್ತದೆ.

ಪತ್ತೆ ಮತ್ತು ಹಂತಗಳು

ಉತ್ಕರ್ಷಣ ಒತ್ತಡವನ್ನು ಅಳೆಯಲು ಮ್ಯಾಲಾನ್‌ಡೈಆಲ್ಡಿಹೈಡ್, ಎಫ್2–ಐಸೊಪ್ರೊಸ್ಟೇನ್ ಮುಂತಾದ ಸೂಚಕಗಳನ್ನು ಸಂಶೋಧನೆಯಲ್ಲಿ ಬಳಸಲಾಗುತ್ತದೆ. ದೈನಂದಿನ ಪಶುವೈದ್ಯಕೀಯದಲ್ಲಿ ಇವುಗಳ ಬಳಕೆ ಇಲ್ಲ. ಕಾಯಿಲೆಯ ಹಂತವನ್ನೇ ಅಳೆಯಲಾಗುತ್ತದೆ. 1998ರಲ್ಲಿ ಸ್ಥಾಪನೆಯಾದ ಇಂಟರ್‌ನ್ಯಾಷನಲ್ ರೀನಲ್ ಇಂಟರೆಸ್ಟ್ ಸೊಸೈಟಿಯು ನಾಯಿಗಳಿಗೆ ರಕ್ತದ ಕ್ರಿಯಾಟಿನಿನ್ ಆಧಾರದಲ್ಲಿ ನಾಲ್ಕು ಹಂತಗಳನ್ನು ಸೂಚಿಸಿದೆ (ಪ್ರತಿ ಡೆಸಿಲೀಟರಿಗೆ ಮಿಲಿಗ್ರಾಂಗಳಲ್ಲಿ):

• ಮೊದಲ ಹಂತ: 1.4ಕ್ಕಿಂತ ಕಡಿಮೆ
• ಎರಡನೇ ಹಂತ: 1.4ರಿಂದ 2.8
• ಮೂರನೇ ಹಂತ: 2.9ರಿಂದ 5.0
• ನಾಲ್ಕನೇ ಹಂತ: 5.0ಕ್ಕಿಂತ ಹೆಚ್ಚು

ಮೂತ್ರಪಿಂಡಗಳ ಕಾರ್ಯಶಕ್ತಿಯ ಸುಮಾರು ಮುಕ್ಕಾಲು ಭಾಗ ನಷ್ಟವಾಗುವವರೆಗೂ ಕ್ರಿಯಾಟಿನಿನ್ ಸಾಮಾನ್ಯ ಮಿತಿಯಲ್ಲೇ ಇರಬಹುದು. ಆದ್ದರಿಂದ ಅದಕ್ಕಿಂತ ಮೊದಲೇ ಏರುವ ಎಸ್‌ಡಿಎಂಎ ಪರೀಕ್ಷೆ, ಮೂತ್ರದ ಪ್ರೋಟೀನ್–ಕ್ರಿಯಾಟಿನಿನ್ ಅನುಪಾತ ಮತ್ತು ರಕ್ತದೊತ್ತಡವನ್ನೂ ನೋಡಲಾಗುತ್ತದೆ. ಈ ಅನುಪಾತ 0.5ಕ್ಕಿಂತ ಹೆಚ್ಚಿದ್ದರೆ ಮೂತ್ರದಲ್ಲಿ ಪ್ರೋಟೀನು ಸೋರುತ್ತಿದೆ ಎಂದು ಪರಿಗಣಿಸಲಾಗುತ್ತದೆ.

ಚಿಕಿತ್ಸೆ ಮತ್ತು ಆಹಾರ

ರಂಜಕ ಕಡಿಮೆ ಇರುವ, ಪ್ರೋಟೀನನ್ನು ಮಿತಗೊಳಿಸಿದ ವಿಶೇಷ ಆಹಾರವೇ ಚಿಕಿತ್ಸೆಯ ಆಧಾರ. ಬೆನಾಜೆಪ್ರಿಲ್, ಟೆಲ್ಮಿಸಾರ್ಟನ್ ಮುಂತಾದ ಔಷಧಗಳು ಆಂಜಿಯೋಟೆನ್ಸಿನ್–2ರ ಪ್ರಭಾವವನ್ನು ತಗ್ಗಿಸಿ ಪ್ರೋಟೀನ್ ಸೋರಿಕೆಯನ್ನೂ ಪರೋಕ್ಷವಾಗಿ ಉತ್ಕರ್ಷಣ ಒತ್ತಡವನ್ನೂ ಕಡಿಮೆ ಮಾಡುತ್ತವೆ.

1990ರ ದಶಕದಲ್ಲಿ ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದ ಸ್ಕಾಟ್ ಬ್ರೌನ್ ಮತ್ತು ಸಹೋದ್ಯೋಗಿಗಳು ಮೂತ್ರಪಿಂಡದ ಹೆಚ್ಚಿನ ಭಾಗವನ್ನು ತೆಗೆದ ನಾಯಿಗಳಿಗೆ ಬೇರೆ ಬೇರೆ ಕೊಬ್ಬುಗಳಿರುವ ಆಹಾರ ನೀಡಿ ಹೋಲಿಸಿದರು. ಒಮೇಗಾ–3 ಹೇರಳವಾಗಿರುವ ಮೀನೆಣ್ಣೆ ಸೇವಿಸಿದ ನಾಯಿಗಳಲ್ಲಿ ಮೂತ್ರಪಿಂಡದ ಕಾರ್ಯ ಉಳಿದುಕೊಂಡಿತು. ಒಮೇಗಾ–6 ಹೆಚ್ಚಿರುವ ಕುಸುಬೆ ಎಣ್ಣೆ ಸೇವಿಸಿದವುಗಳಲ್ಲಿ ಅದು ಕುಗ್ಗಿತು. ವಿಟಮಿನ್ ಇ ಮೊದಲಾದ ಉತ್ಕರ್ಷಣ ನಿರೋಧಕಗಳನ್ನು ಪೂರಕವಾಗಿ ಬಳಸುವುದುಂಟು. ಆದರೆ ಅವು ಆಹಾರ ನಿಯಂತ್ರಣಕ್ಕಾಗಲಿ ಔಷಧಕ್ಕಾಗಲಿ ಪರ್ಯಾಯವಲ್ಲ.

ಎಚ್ಚರಿಕೆಗಳು

ಮನುಷ್ಯರಿಗೆ ಉತ್ಕರ್ಷಣ ನಿರೋಧಕವೆಂದು ಹೆಸರಾದ ಆಹಾರಗಳೆಲ್ಲವೂ ನಾಯಿಗಳಿಗೆ ಹಿತವಲ್ಲ. ಈರುಳ್ಳಿ ಮತ್ತು ಬೆಳ್ಳುಳ್ಳಿಯಲ್ಲಿರುವ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣಗಳಲ್ಲಿ ಉತ್ಕರ್ಷಣ ಹಾನಿಯನ್ನೇ ಉಂಟುಮಾಡಿ ರಕ್ತಹೀನತೆಗೆ ಕಾರಣವಾಗುತ್ತವೆ. ದ್ರಾಕ್ಷಿ ಮತ್ತು ಒಣದ್ರಾಕ್ಷಿ ಮೂತ್ರಪಿಂಡಗಳ ಹಠಾತ್ ವೈಫಲ್ಯವನ್ನು ತರಬಲ್ಲವು. ಇದಕ್ಕೆ ಟಾರ್ಟಾರಿಕ್ ಆಮ್ಲ ಕಾರಣವಿರಬಹುದೆಂದು 2021ರಲ್ಲಿ ಪಶು ವಿಷಶಾಸ್ತ್ರಜ್ಞರು ಸೂಚಿಸಿದರು. ಅದೇ ಆಮ್ಲವಿರುವ ಹುಣಸೆಹಣ್ಣಿನಿಂದಲೂ ಇಂಥ ಹಾನಿ ವರದಿಯಾಗಿದೆ. ಆದ್ದರಿಂದ ಮನೆಯಲ್ಲಿ ಉಳಿದ ಸಾರು, ಸಾಂಬಾರುಗಳನ್ನು ನಾಯಿಗಳಿಗೆ, ಅದರಲ್ಲೂ ಮೂತ್ರಪಿಂಡದ ಕಾಯಿಲೆಯಿರುವ ನಾಯಿಗಳಿಗೆ, ನೀಡುವುದು ಸೂಕ್ತವಲ್ಲ. ಐಬುಪ್ರೊಫೇನ್‌ನಂತಹ ಮನುಷ್ಯರ ನೋವುನಿವಾರಕಗಳೂ ನಾಯಿಯ ಮೂತ್ರಪಿಂಡಗಳಿಗೆ ಅಪಾಯಕಾರಿ. ಯಾವುದೇ ಪೂರಕವನ್ನು ಪಶುವೈದ್ಯರ ಸಲಹೆಯಂತೆ ಮಾತ್ರ ನೀಡಬೇಕು.