ಮೈದಾನದ ಮೈಕು ಮತ್ತು ಮನೆತನದ ಹೆಸರು

ಹಾಕಿಯ ವೀಕ್ಷಕ ವಿವರಣೆ ಎಂದೊಡನೆ ನನ್ನ ತಲೆಮಾರಿನವರಿಗೆ ನೆನಪಾಗುವುದು ಆಕಾಶವಾಣಿಯ ಜಸದೇವ್ ಸಿಂಗ್ ಅವರ ಹಿಂದಿ ಕಂಠ. 1975ರ ಮಾರ್ಚ್ 15ರಂದು ಕ್ವಾಲಾಲಂಪುರದಲ್ಲಿ ಭಾರತವು ಪಾಕಿಸ್ತಾನವನ್ನು 2-1ರಿಂದ ಮಣಿಸಿ ವಿಶ್ವಕಪ್ ಗೆದ್ದಾಗ, ಅಶೋಕ್ ಕುಮಾರರು ಹೊಡೆದ ಗೆಲುವಿನ ಗೋಲನ್ನು ದೇಶವು ಕಂಡದ್ದು ಆ ಕಂಠದ ಮೂಲಕವೇ. ಆ ತಂಡದಲ್ಲಿ ಕೊಡಗಿನ ಬಿ.ಪಿ. ಗೋವಿಂದ ಅವರೂ ಇದ್ದರು.

ರೇಡಿಯೊ ವಿವರಣೆ ಆಟವನ್ನು ಕಾಣದವರಿಗಾಗಿ. ಮೈದಾನದ ಅಂಚಿನ ಶಾಮಿಯಾನದಲ್ಲಿ ಮೈಕು ಹಿಡಿದು ಕೂರುವವನ ಕೆಲಸವೇ ಬೇರೆ. ಚೆಂಡು ಎಲ್ಲಿದೆಯೆಂದು ಅವನು ಹೇಳಬೇಕಾಗಿಲ್ಲ, ಜನರೇ ನೋಡುತ್ತಿರುತ್ತಾರೆ. ಚೆಂಡು ಯಾರ ಬಳಿ ಇದೆಯೆಂಬುದಷ್ಟೇ ಅವರಿಗೆ ಬೇಕು. ಕೊಡಗಿನಲ್ಲಿ ಅದೂ ಸಾಲದು; ಆ ಹುಡುಗ ಯಾವ ಮನೆಯವನು ಎಂಬುದೂ ತಿಳಿಯಬೇಕು.

ಬಯಲುಸೀಮೆಯಿಂದ ಕನ್ನಡ ಅಧ್ಯಾಪಕನಾಗಿ ಕೊಡಗಿಗೆ ವರ್ಗವಾಗಿ ಬಂದ ನನಗೆ, ಕಂಠ ದೊಡ್ಡದೆಂಬ ಒಂದೇ ಅರ್ಹತೆಯ ಮೇಲೆ, ಅಂತರಶಾಲಾ ಹಾಕಿ ಪಂದ್ಯಾವಳಿಗಳ ಮೈಕನ್ನು ಒಪ್ಪಿಸಲಾಗುತ್ತಿತ್ತು. ಒಂದು ದಿನವಂತೂ ಬೆಳಗಿನ ಎಂಟರಿಂದ ಸಂಜೆ ಬೆಳಕು ಕಂದುವವರೆಗೆ ಒಂಬತ್ತು ಪಂದ್ಯಗಳು. ಮೊದಲ ಪಂದ್ಯದಲ್ಲಿ ಮಂಜು ಇನ್ನೂ ಏಳದೆ ಆಚೆಯ ಗೋಲ್‌ಕೀಪರ್ ಕಾಣಿಸುತ್ತಲೇ ಇರಲಿಲ್ಲ. ಕೋಲಿಗೆ ಚೆಂಡು ತಗುಲಿದ ಸದ್ದನ್ನು ನಂಬಿ ಮಾತನಾಡಬೇಕಾಯಿತು. ಮಧ್ಯಾಹ್ನದ ಹೊತ್ತಿಗೆ ಗಂಟಲು ಕಟ್ಟಿತು. ಯಾರೋ ಪುಣ್ಯಾತ್ಮರು ಬೆಲ್ಲದ ಕಾಫಿಗೆ ಕರಿಮೆಣಸು ಹಾಕಿ ಕಳುಹಿಸಿದರು. ಸೋತ ತಂಡದ ಅಂಗಿಗಳನ್ನು ಮುಂದಿನ ತಂಡದ ಮಕ್ಕಳು ತೊಟ್ಟು ಇಳಿಯುತ್ತಿದ್ದರು. ಹಾಗಾಗಿ ಈಗಷ್ಟೇ ಸೋತು ಹೋದ ಏಳನೆಯ ನಂಬರು ಅರ್ಧ ಗಂಟೆಯಲ್ಲಿ ಇನ್ನೊಂದು ಮುಖ ಹೊತ್ತು ಮರಳಿ ಬರುತ್ತಿತ್ತು!

ನಾಲ್ಕನೆಯ ಪಂದ್ಯ ಮುಗಿದಾಗ ವಯಸ್ಸಾದ ಒಬ್ಬ ತಾಯಿ ಶಾಮಿಯಾನದ ಬಳಿಗೆ ಬಂದು, "ಮೇಷ್ಟ್ರೇ, ಬರೀ ಬೋಪಣ್ಣ ಅಂತೀರಲ್ಲ, ಯಾವ ಮನೆ ಬೋಪಣ್ಣ?" ಎಂದು ಕೇಳಿದರು. ನನ್ನ ಕೈಯಲ್ಲಿದ್ದುದು ಶಾಲೆಗಳವರು ಪೆನ್ಸಿಲಿನಲ್ಲಿ ಬರೆದುಕೊಟ್ಟ ಪಟ್ಟಿ. ಅದರಲ್ಲಿ ಹೆಸರಿನ ಹಿಂದೆ ಎರಡು ಇನಿಷಿಯಲ್ ಬಿಟ್ಟರೆ ಬೇರೇನೂ ಇರಲಿಲ್ಲ. ಕೊಡವರಲ್ಲಿ ಮೊದಲನೆಯ ಅಕ್ಷರವೇ ಒಕ್ಕದ, ಅಂದರೆ ಮನೆತನದ ಹೆಸರು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದ ಎಂ.ಪಿ. ಗಣೇಶ್ ಅವರ ಮೊದಲಕ್ಷರ ಮೊಳ್ಳೆರ. 1980ರಲ್ಲಿ ಮಾಸ್ಕೋದಲ್ಲಿ ಚಿನ್ನ ಗೆದ್ದ ತಂಡದ ಎಂ.ಎಂ. ಸೋಮಯ್ಯ ಅವರ ಮೊದಲಕ್ಷರ ಮನೆಯಪಂಡ. ದೇಶಕ್ಕೆ ಒಂದು ಅಕ್ಷರ ಸಾಕು. ಊರಿನ ಮೈದಾನಕ್ಕೆ ಸಾಲದು. ಐದನೆಯ ಪಂದ್ಯದಿಂದ ಪ್ರತಿಯೊಬ್ಬ ಹುಡುಗನನ್ನೂ ಕರೆದು ಮನೆಯ ಹೆಸರು ಕೇಳಿ ಬರೆದುಕೊಂಡೆ. ಅಲ್ಲಿಂದಾಚೆಗೆ ಜನರ ಚಪ್ಪಾಳೆಯ ತೂಕವೇ ಬದಲಾಯಿತು.

ಈ ಅಕ್ಷರವನ್ನೇ ಬಿಡಿಸಿ, ಅದರ ಮೇಲೊಂದು ಪಂದ್ಯಾವಳಿಯನ್ನು ಕಟ್ಟಿದವರು ಪಾಂಡಂಡ ಕುಟ್ಟಪ್ಪನವರು. ಸ್ವತಃ ಹಾಕಿ ಅಂಪೈರ್ ಆಗಿದ್ದ ಅವರು 1997ರಲ್ಲಿ ವಿರಾಜಪೇಟೆ ಬಳಿಯ ಕರಡದಲ್ಲಿ ಕೊಡವ ಮನೆತನಗಳ ನಡುವೆ ಮೊದಲ ಪಂದ್ಯಾವಳಿಯನ್ನು ನಡೆಸಿದರು. ಅಂದು ಇಳಿದದ್ದು 60 ಕುಟುಂಬಗಳ ತಂಡಗಳು. ಮರುವರ್ಷ ಕಡಂಗದಲ್ಲಿ ಕೋಡಿರ ಕುಟುಂಬದವರು ನಡೆಸಿದಾಗ ಅದು 116 ಆಯಿತು. ವರ್ಷಕ್ಕೊಂದು ಕುಟುಂಬ ಹೊಣೆ ಹೊರುವುದು, ಆ ಕುಟುಂಬದ ಹೆಸರನ್ನೇ ಕಪ್ಪಿಗೆ ಇಡುವುದು ಅಂದಿನಿಂದ ನಡೆದುಬಂದ ಪದ್ಧತಿ. ಕಾಫಿ ತೋಟ ಬಿಟ್ಟು ಬೆಂಗಳೂರು, ಮೈಸೂರು, ಸೈನ್ಯವೆಂದು ಚದುರಿದ ಕುಟುಂಬಗಳನ್ನು ಐನ್‌ಮನೆಯ ಹೆಸರಿನಲ್ಲಿ ಒಂದೇ ಮೈದಾನಕ್ಕೆ ಕರೆತರಲು ಹಾಕಿಯಷ್ಟು ಸುಲಭವಾದ ನೆಪ ಇನ್ನೊಂದಿಲ್ಲವೆಂಬುದು ನನ್ನ ಅನಿಸಿಕೆ.

ಇಲ್ಲಿ ವಿವರಣೆಗಾರನ ಪಾಡು ತಿರುವುಮುರುವು. ಹನ್ನೊಂದು ಮಂದಿಗೂ ಒಂದೇ ಮನೆತನದ ಹೆಸರು! ಬೇರೆಡೆ ಕುಟುಂಬದ ಹೆಸರು ಕೂಗಿದರೆ ಆಟಗಾರ ಸಿಕ್ಕಿಬಿಡುತ್ತಾನೆ; ಇಲ್ಲಿ ಹಾಗೆ ಕೂಗಿದರೆ ಇಡೀ ತಂಡವೇ ಓಗೊಡಬೇಕು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಟ್ಟಿದ್ದರೆ ಕಥೆ ಮುಗಿಯಿತು. ಹೀಗಾಗಿ ಮೈಕಿನವರು ಅಂಗಿಯ ನಂಬರು, ಮನೆಯಲ್ಲಿ ಕರೆಯುವ ಹೆಸರು, ಕೊನೆಗೆ ಇಂಥವರ ಮಗ ಎಂಬ ಗುರುತು, ಎಲ್ಲವನ್ನೂ ಬಳಸುತ್ತಾರೆ. ಹೈಸ್ಕೂಲು ಹುಡುಗ ಚಿಕ್ಕಪ್ಪನಿಗೆ ಪಾಸ್ ಕೊಡುತ್ತಾನೆ. ಹೆಣ್ಣುಮಕ್ಕಳೂ ಅದೇ ತಂಡದಲ್ಲಿ ಆಡುತ್ತಾರೆ. ವಿವರಣೆ ಕೊಡವ ತಕ್ಕ್‌ನಲ್ಲಿ. ಯುನೆಸ್ಕೋ ತನ್ನ ಅಳಿವಿನಂಚಿನ ಭಾಷೆಗಳ ಪಟ್ಟಿಗೆ ಸೇರಿಸಿರುವ ಭಾಷೆಯದು. ನಗರದಲ್ಲಿ ಬೆಳೆದ ಮಕ್ಕಳು ಅದನ್ನು ಇಷ್ಟು ಗಟ್ಟಿಯಾಗಿ, ಇಷ್ಟು ಹೊತ್ತು ಕೇಳುವ ಸಂದರ್ಭಗಳು ವರ್ಷದಲ್ಲಿ ಎಷ್ಟಿದ್ದಾವು? ಕನ್ನಡ ಮೇಷ್ಟ್ರಾದ ನನಗೆ ಆ ಮೈಕಿನ ಮುಂದೆ ಕೂರುವ ಯೋಗ್ಯತೆಯಿಲ್ಲ, ಕೇಳುತ್ತ ಕುಳಿತದ್ದುಂಟು.

2018ರಲ್ಲಿ ನಾಪೋಕ್ಲುವಿನಲ್ಲಿ ಕುಲ್ಲೇಟಿರ ಕಪ್ ಮುಗಿದ ಮೇಲೆ, ಅದೇ ವರ್ಷದ ಮಳೆಗಾಲದ ಭೂಕುಸಿತ ಮತ್ತು ಅದರ ಬೆನ್ನಿಗೆ ಬಂದ ಕೊರೊನಾದಿಂದ ನಾಲ್ಕು ವರ್ಷ ಮೈಕು ಮೌನವಾಯಿತು. 2023ರಲ್ಲಿ ಆಟ ಮತ್ತೆ ಮೊದಲಾಯಿತು. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್‌ಗೆ 360 ತಂಡಗಳು ಬಂದು ಗಿನ್ನೆಸ್ ದಾಖಲೆಯಾಯಿತು. ಅದನ್ನು ನೋಡಲು ಕುಟ್ಟಪ್ಪನವರಿರಲಿಲ್ಲ.

2025ರಲ್ಲಿ ಮಡಿಕೇರಿಯ ಮುದ್ದಂಡ ಕಪ್, ಅದು 25ನೆಯದು, 396 ತಂಡಗಳನ್ನು ಕಂಡಿತು. ಸೋತವರು ಹೊರಹೋಗುವ ಪದ್ಧತಿಯಲ್ಲಿ ಒಂದು ಪಂದ್ಯ ಒಂದೇ ತಂಡವನ್ನು ಕಳುಹಿಸುವುದರಿಂದ, 396 ತಂಡಗಳಿಗೆ 395 ಪಂದ್ಯಗಳು ಬೇಕು; ಇದು ಏಳನೆಯ ತರಗತಿಯ ಲೆಕ್ಕ. ಇವುಗಳಲ್ಲಿ ಅರ್ಧದಷ್ಟು ತಂಡಗಳು ಒಂದೇ ಪಂದ್ಯವಾಡಿ ಮನೆಗೆ ಮರಳುತ್ತವೆ. ಹನ್ನೊಂದು ಮಂದಿಯನ್ನು ಹೊಂದಿಸಲು ಶಾಲಾ ಬಾಲಕನಿಗೂ ಐವತ್ತು ದಾಟಿದ ಅವನ ದೊಡ್ಡಪ್ಪನಿಗೂ ಕೋಲು ಕೊಟ್ಟು ಕರೆತಂದ ಸಣ್ಣ ಒಕ್ಕಗಳು ಬಹುಪಾಲು ಇವೇ. ಆ ವರ್ಷ ಅವರ ಹೆಸರು ಮೈಕಿನಲ್ಲಿ ಕೇಳಿಬರುವುದು ಆ ಒಂದು ಪಂದ್ಯದಷ್ಟು ಹೊತ್ತು ಮಾತ್ರ.